ಮೂವತ್ತು ಲಕ್ಷದ ರಿಗ್ಗಿಗೆ ಹಳೆಯ ಸ್ಟೀರಿಂಗ್‌ನ ಪೈಪೋಟಿ: ಮನೆಯ ರೇಸಿಂಗ್‌ನಲ್ಲಿ ಹಣ ಎಲ್ಲಿ ದುಡಿಯುತ್ತದೆ?

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನ ಭೀತಿಯಿಂದ ರೇಸ್ ಟ್ರ್ಯಾಕ್‌ಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಾಗ ಅಮೆರಿಕದ ನಾಸ್ಕಾರ್ ಸಂಸ್ಥೆ ಹೊಸದೊಂದು ಉಪಾಯ ಹೂಡಿತು. ವೃತ್ತಿಪರ ಚಾಲಕರನ್ನು ಅವರವರ ಮನೆಯಲ್ಲೇ ಕೂರಿಸಿ, 'ಐರೇಸಿಂಗ್' ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕ ಸ್ಪರ್ಧೆ ನಡೆಸಿ, ಅದನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡಿತು. ಫ್ಲೋರಿಡಾದ ಹೋಮ್‌ಸ್ಟೆಡ್ ಟ್ರ್ಯಾಕ್‌ನ ಪ್ರತಿರೂಪದ ಮೇಲೆ ನಡೆದ ಮೊದಲ ರೇಸನ್ನು ಗೆದ್ದವರು ಡೆನ್ನಿ ಹ್ಯಾಮ್ಲಿನ್. ಅಷ್ಟರಲ್ಲಿ ಮೂರು ಬಾರಿ ಡೇಟೋನಾ 500 ಗೆದ್ದಿದ್ದ ಈ ಚಾಲಕ ಬರಿಗಾಲಿನಲ್ಲಿ ಓಡಿಸಿದ ಮನೆಯ ಸಿಮ್ಯುಲೇಟರ್‌ನ ಬೆಲೆ ಸುಮಾರು 40 ಸಾವಿರ ಡಾಲರ್ ಎಂದು ಆಗ ವರದಿಯಾಗಿತ್ತು. ಅಂದಿನ ವಿನಿಮಯ ದರದಲ್ಲಿ ಅದು 30 ಲಕ್ಷ ರೂಪಾಯಿ.

ಅದೇ ರೇಸಿನಲ್ಲಿ ಮೂರನೆಯವರಾಗಿ ಗುರಿ ಮುಟ್ಟಿದವರು ಟಿಮ್ಮಿ ಹಿಲ್. ನಿಜವಾದ ನಾಸ್ಕಾರ್ ಕಪ್ ಸರಣಿಯಲ್ಲಿ ಒಂದೂ ಗೆಲುವು ಕಾಣದ ಸಣ್ಣ ತಂಡದ ಚಾಲಕ ಇವರು. ಇವರ ಮುಂದಿದ್ದದ್ದು ಲಾಜಿಟೆಕ್ ಕಂಪನಿಯ ಹಳೆಯ ಜಿ27 ಸ್ಟೀರಿಂಗ್. ಒಂದು ವಾರ ಕಳೆದು ಟೆಕ್ಸಸ್ ಟ್ರ್ಯಾಕ್‌ನಲ್ಲಿ ಎರಡನೆಯ ರೇಸ್ ನಡೆದಾಗ ಗೆದ್ದವರು ಸಾಕ್ಷಾತ್ ಇದೇ ಹಿಲ್!

ಈ ಪ್ರಸಂಗವನ್ನು ಸಿಮ್ ರೇಸಿಂಗ್ ಹವ್ಯಾಸಿಗಳು ಇಂದಿಗೂ ಮರೆತಿಲ್ಲ. 'ದುಬಾರಿ ಸಲಕರಣೆಯೆಲ್ಲ ಬರೀ ಆಡಂಬರ' ಎನ್ನುವವರಿಗೆ ಇದೊಂದು ಸಿದ್ಧ ಉದಾಹರಣೆ. ಆದರೆ ಅದನ್ನು ಪೂರ್ತಿಯಾಗಿ ಒಪ್ಪುವ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಹಿಲ್ ಅವರ ಸ್ಟೀರಿಂಗ್ ಹಳೆಯದಾಗಿದ್ದರೂ ಕೈ ಹಳಬರದ್ದು; ಐರೇಸಿಂಗ್‌ನಲ್ಲಿ ಅವರು ಆ ಹೊತ್ತಿಗಾಗಲೇ ಸಾವಿರಕ್ಕೂ ಹೆಚ್ಚು ರೇಸ್‌ಗಳನ್ನು ಓಡಿಸಿದ್ದರು. ಎರಡು, ಹೋಮ್‌ಸ್ಟೆಡ್ ಮತ್ತು ಟೆಕ್ಸಸ್ ಎರಡೂ ಒಂದೂವರೆ ಮೈಲಿಯ ಅಂಡಾಕಾರದ ಟ್ರ್ಯಾಕ್‌ಗಳು. ಅಲ್ಲಿ ಚಾಲಕ ಎಡಕ್ಕೆ ಮಾತ್ರ ತಿರುಗುತ್ತಾನೆ, ಬ್ರೇಕಿನ ಮೇಲೆ ಕಾಲಿಡುವುದೇ ಅಪರೂಪ. ಅಗ್ಗದ ಸಲಕರಣೆಯ ಅತಿ ದೊಡ್ಡ ದೌರ್ಬಲ್ಯ ಇರುವುದು ಬ್ರೇಕಿನಲ್ಲಿ. ಆ ದೌರ್ಬಲ್ಯ ಬಯಲಾಗದ ಟ್ರ್ಯಾಕ್‌ನಲ್ಲಿ ಹಿಲ್ ಗೆದ್ದರು.

ಹಾಗಾದರೆ ಹಣ ಖರ್ಚು ಮಾಡಿದರೆ ಸಿಗುವುದೇನು, ಸಿಗದಿರುವುದೇನು? ನಮ್ಮ ನಗರಗಳ ಅನೇಕ ಮನೆಗಳಲ್ಲಿ ಈಗ ಈ ಪ್ರಶ್ನೆ ಏಳುತ್ತಿದೆ. ಮೂವತ್ತು ಸಾವಿರದಿಂದ ಹಿಡಿದು ಹತ್ತು-ಹದಿನೈದು ಲಕ್ಷದವರೆಗೆ ಬೆಲೆ ಚಾಚಿಕೊಂಡಿರುವ ಈ ಪೇಟೆಯಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಸ್ಟೀರಿಂಗನ್ನು. ಎಡವುವುದೂ ಅಲ್ಲೇ.

ಆಟವಲ್ಲ, ಅನುಕರಣೆ

ಸಿಮ್ ರೇಸಿಂಗ್ ಎಂದರೆ ಗುಂಡಿ ಒತ್ತಿ ಆಡುವ ಕಾರ್ ಆಟವಲ್ಲ. ಟೈರಿನ ಬಿಸಿ, ರಸ್ತೆಯ ಉಬ್ಬುತಗ್ಗು, ಇಂಧನದ ಭಾರ ಇವೆಲ್ಲವನ್ನೂ ಲೆಕ್ಕ ಹಾಕಿ, ನಿಜವಾದ ಕಾರು ಹೇಗೆ ವರ್ತಿಸುತ್ತದೋ ಹಾಗೆಯೇ ವರ್ತಿಸುವಂತೆ ಮಾಡುವ ಪ್ರಯತ್ನ ಇದು. 2008ರಲ್ಲಿ ಆರಂಭವಾದ ಐರೇಸಿಂಗ್ ನಿಜವಾದ ಟ್ರ್ಯಾಕ್‌ಗಳನ್ನು ಲೇಸರ್ ಕಿರಣಗಳಿಂದ ಅಳೆದು ಕಂಪ್ಯೂಟರಿಗೆ ಇಳಿಸುತ್ತದೆ. ಇಟಲಿಯ ಕೂನೋಸ್ ಸಂಸ್ಥೆ 2014ರಲ್ಲಿ ತಂದ 'ಅಸೆಟ್ಟೊ ಕೋರ್ಸಾ' ಕಡಿಮೆ ಬೆಲೆಯ ಕಾರಣಕ್ಕೆ ಇಂದಿಗೂ ಹೊಸಬರ ಮೊದಲ ಆಯ್ಕೆ. ಪ್ಲೇಸ್ಟೇಷನ್ ಇರುವವರಿಗೆ 2022ರ 'ಗ್ರ್ಯಾನ್ ಟುರಿಸ್ಮೊ 7' ಇದೆ.

ತಮಾಷೆಯೆಂದರೆ, ಈ ತಂತ್ರಾಂಶಗಳು ಶ್ರೀಮಂತನ ಮನೆಯಲ್ಲೂ ಬಡವನ ಮನೆಯಲ್ಲೂ ಒಂದೇ. ಕಾರಿನ ಭೌತಶಾಸ್ತ್ರದ ಲೆಕ್ಕ ಎರಡೂ ಕಡೆ ಒಂದೇ ಆಗಿರುತ್ತದೆ. ಆ ಲೆಕ್ಕದ ಫಲ ಚಾಲಕನ ಕೈಗೆ, ಕಾಲಿಗೆ, ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ತಲುಪುತ್ತದೆ, ಮತ್ತು ಚಾಲಕನ ಮನಸ್ಸಿನಲ್ಲಿರುವುದು ಎಷ್ಟು ನಿಖರವಾಗಿ ತಂತ್ರಾಂಶಕ್ಕೆ ಮರಳಿ ಹೋಗುತ್ತದೆ ಎಂಬುದಷ್ಟೇ ಬೇರೆ. ಹಣ ಕೆಲಸ ಮಾಡುವುದು ಈ ಹೋಗಿಬರುವ ದಾರಿಯಲ್ಲಿ.

ಹಲ್ಲುಚಕ್ರ, ಬೆಲ್ಟು, ನೇರ ಮೋಟಾರು

ಸಿಮ್ ಸ್ಟೀರಿಂಗ್‌ನ ಒಳಗೊಂದು ಮೋಟಾರು ಇರುತ್ತದೆ. ಕಾರು ತಿರುವಿಗೆ ಹೊಕ್ಕಾಗ ಸ್ಟೀರಿಂಗ್ ಬಿಗಿಯಾಗುವುದು, ಮುಂದಿನ ಟೈರು ಜಾರಿದಾಗ ಸಡಿಲವಾಗುವುದು, ಅಂಚಿನ ಪಟ್ಟಿ ಹತ್ತಿದಾಗ ನಡುಗುವುದು ಎಲ್ಲವೂ ಈ ಮೋಟಾರಿನ ಕೆಲಸ. 'ಫೋರ್ಸ್ ಫೀಡ್‌ಬ್ಯಾಕ್' ಎಂದು ಇದಕ್ಕೆ ಹೆಸರು.

ಲಾಜಿಟೆಕ್ ಕಂಪನಿಯ ಜಿ29 (2015) ಮತ್ತು ಜಿ923 (2020) ಮಾದರಿಗಳಲ್ಲಿ ಮೋಟಾರಿನ ಬಲ ಹಲ್ಲುಚಕ್ರಗಳ ಮೂಲಕ ಸ್ಟೀರಿಂಗಿಗೆ ಬರುತ್ತದೆ. ಗಟ್ಟಿಮುಟ್ಟು, ಅಗ್ಗ; ಆದರೆ ಹಲ್ಲಿಗೆ ಹಲ್ಲು ತಾಗುವ ಕಟಕಟ ಕೈಗೂ ಗೊತ್ತಾಗುತ್ತದೆ, ಪಕ್ಕದ ಕೋಣೆಗೂ ಕೇಳುತ್ತದೆ. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ300 ತರಹದವುಗಳಲ್ಲಿ ಹಿಟ್ಟಿನ ಗಿರಣಿಯಲ್ಲಿ ಇರುವಂತೆ ಬೆಲ್ಟ್ ಇರುತ್ತದೆ. ಕಟಕಟ ಇಲ್ಲ, ಆದರೆ ಬೆಲ್ಟು ಸೂಕ್ಷ್ಮ ಕಂಪನಗಳನ್ನು ತಾನೇ ನುಂಗಿಬಿಡುತ್ತದೆ. ಮೂರನೆಯದು 'ಡೈರೆಕ್ಟ್ ಡ್ರೈವ್'. ಇಲ್ಲಿ ಸ್ಟೀರಿಂಗ್ ಚಕ್ರವನ್ನು ಮೋಟಾರಿನ ಅಚ್ಚಿಗೇ ನೇರವಾಗಿ ಬಿಗಿಯಲಾಗುತ್ತದೆ, ನಡುವೆ ದಲ್ಲಾಳಿಗಳಿಲ್ಲ.

ಬಲವನ್ನು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಈ ಅಂಕಿಯನ್ನು ಮನೆಯ ಭಾಷೆಗೆ ಇಳಿಸುವುದು ಕಷ್ಟವಲ್ಲ. ಜಿ29 ಕೊಡುವ ಬಲ ಸುಮಾರು 2.2 ನ್ಯೂಟನ್ ಮೀಟರ್. ಅಂದರೆ ಸ್ಟೀರಿಂಗ್ ಚಕ್ರದ ಅಂಚಿಗೆ ಹೆಚ್ಚೂಕಡಿಮೆ ಒಂದೂವರೆ ಕಿಲೋ ಅಕ್ಕಿಯ ಚೀಲ ಜೋತುಬಿಟ್ಟಂತೆ. 8 ನ್ಯೂಟನ್ ಮೀಟರ್‌ನ ಸಾಧನದಲ್ಲಿ ಇದು ಐದು ಕಿಲೋ ದಾಟುತ್ತದೆ. ಫಿನ್‌ಲೆಂಡ್‌ನ ಸಿಮ್‌ಕ್ಯೂಬ್ 2 ಸರಣಿಯ ಅತಿ ಬಲಿಷ್ಠ ಮಾದರಿ 32 ನ್ಯೂಟನ್ ಮೀಟರ್; ಅಲ್ಲಿ ಇಪ್ಪತ್ತು ಕಿಲೋ ಮೀರಿದ ಸೆಳೆತ! ಅಪಘಾತದ ಹೊತ್ತಿನಲ್ಲಿ ಹೆಬ್ಬೆರಳು ಕಡ್ಡಿಗೆ ಸಿಕ್ಕಿಕೊಂಡರೆ ಮಣಿಕಟ್ಟು ತಿರುಚಿಕೊಳ್ಳುವ ಅಪಾಯ ನಿಜವಾದದ್ದೇ. ಆ ಕಾರಣಕ್ಕೇ ಇಂಥ ಸಾಧನಗಳ ಜೊತೆ ಕಾರ್ಖಾನೆಯ ಯಂತ್ರಗಳಲ್ಲಿರುವಂಥ ಕೆಂಪು ತುರ್ತು ನಿಲುಗಡೆ ಗುಂಡಿಯೊಂದನ್ನು ಕೊಡುತ್ತಾರೆ.

ಅಷ್ಟು ಬಲ ಮನೆಯಲ್ಲಿ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ಪೂರ್ತಿ ಬಲದಲ್ಲಿ ಓಡಿಸುವವರು ಬಹಳ ಕಡಿಮೆ. ಲಾಭ ಇರುವುದು ಬೇರೆಡೆ. ಗಣೇಶೋತ್ಸವದ ಪೆಂಡಾಲಿನಲ್ಲಿ ಸಣ್ಣ ಧ್ವನಿವರ್ಧಕವನ್ನು ಮಿತಿಮೀರಿ ಜೋರು ಮಾಡಿದರೆ ಹಾಡು ಒಡೆದು ಬರೀ ಗದ್ದಲ ಕೇಳಿಸುತ್ತದಲ್ಲವೇ? ಸ್ಟೀರಿಂಗಿನಲ್ಲೂ ಹಾಗೆಯೇ. ತಂತ್ರಾಂಶ ಕೇಳುವ ಬಲ ಮೋಟಾರಿನ ಶಕ್ತಿಯನ್ನು ಮೀರಿದರೆ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ. 'ಕ್ಲಿಪ್ಪಿಂಗ್' ಎನ್ನುವ ಈ ಸ್ಥಿತಿಯಲ್ಲಿ ಟೈರು ಹಿಡಿತದ ಅಂಚಿನಲ್ಲಿದೆಯೋ ಅಂಚು ದಾಟಿತೋ ಎಂಬುದು ಕೈಗೆ ತಿಳಿಯುವುದಿಲ್ಲ, ಎರಡೂ ಒಂದೇ ಬಿಗಿತವಾಗಿ ಬರುತ್ತವೆ. ಅಗ್ಗದ ಸ್ಟೀರಿಂಗ್ ಇರುವವರಿಗೆ ಪರಿಹಾರ ಬಿಟ್ಟಿಯಾಗಿಯೇ ಇದೆ: ತಂತ್ರಾಂಶದಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಪ್ರಮಾಣವನ್ನು ತಗ್ಗಿಸುವುದು. ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ. 'ಬಲ ಸಾಲದು' ಎಂದು ಪ್ರಮಾಣವನ್ನು ನೂರಕ್ಕೆ ಏರಿಸಿಬಿಡುತ್ತಾರೆ.

ಡೈರೆಕ್ಟ್ ಡ್ರೈವ್ ಬೆಲೆಯ ಕಥೆಯೇ ಒಂದು ಸ್ವಾರಸ್ಯ. 2010ರ ದಶಕದಲ್ಲಿ ಹವ್ಯಾಸಿಗಳು ಕಾರ್ಖಾನೆಯ ಸರ್ವೊ ಮೋಟಾರುಗಳನ್ನು ತಂದು ಮನೆಯಲ್ಲೇ ಇವನ್ನು ಜೋಡಿಸಿಕೊಳ್ಳುತ್ತಿದ್ದರು. 2021ರಲ್ಲಿ ಜರ್ಮನಿಯ ಫ್ಯಾನಟೆಕ್ 5 ನ್ಯೂಟನ್ ಮೀಟರ್‌ನ ಸಿಎಸ್ಎಲ್ ಡಿಡಿ ಮಾದರಿಯನ್ನು 350 ಯೂರೋಗೆ ಬಿಡುಗಡೆ ಮಾಡಿದಾಗ ಪೇಟೆ ತಲೆಕೆಳಗಾಯಿತು. ಬೆನ್ನಿಗೇ ಚೀನಾದ ಮೋಝಾ ಮುಂತಾದ ಕಂಪನಿಗಳು ಸ್ಟೀರಿಂಗ್, ಪೆಡಲ್ ಎಲ್ಲ ಸೇರಿದ ಕಟ್ಟುಗಳನ್ನು ತಂದವು. 2022ರಲ್ಲಿ ಲಾಜಿಟೆಕ್ ಕೂಡ 11 ನ್ಯೂಟನ್ ಮೀಟರ್‌ನ ಡೈರೆಕ್ಟ್ ಡ್ರೈವ್ ಸ್ಟೀರಿಂಗನ್ನು 999 ಡಾಲರಿಗೆ ಮಾರಾಟಕ್ಕಿಟ್ಟಿತು. ಬೆಲೆ ಇಳಿಸಿ ದಾರಿ ತೋರಿದ ಫ್ಯಾನಟೆಕ್‌ನ ಮಾತೃಸಂಸ್ಥೆ ಎಂಡೋರ್ ಮಾತ್ರ ಸಾಲದ ಸುಳಿಗೆ ಸಿಕ್ಕಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬಳಿಕ ಅಮೆರಿಕದ ಕೋರ್ಸೇರ್ ಅದನ್ನು ಖರೀದಿಸಿತು.

ಬ್ರೇಕಿನಲ್ಲಿದೆ ಗುಟ್ಟು

ಸ್ಟೀರಿಂಗಿನ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆದರೂ ಸುತ್ತಿನ ಸಮಯ ತಗ್ಗುವುದು ಕಾಲಿನ ಬಳಿ. ಮೊನ್ಝಾ ಟ್ರ್ಯಾಕಿನ ಮೊದಲ ತಿರುವನ್ನೇ ತೆಗೆದುಕೊಳ್ಳೋಣ. ಫಾರ್ಮುಲಾ 1 ಕಾರು ಗಂಟೆಗೆ 330 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬಂದು, ಕೆಲವೇ ಕ್ಷಣಗಳಲ್ಲಿ ಸುಮಾರು 80ಕ್ಕೆ ಇಳಿಯಬೇಕು. ಬ್ರೇಕನ್ನು ಮೊದಲು ಜೋರಾಗಿ ಒತ್ತಿ, ವೇಗ ಇಳಿದಂತೆಲ್ಲ ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ತಿರುವಿನೊಳಕ್ಕೆ ಸಾಗಬೇಕು. ತುಸು ಹೆಚ್ಚಾದರೆ ಚಕ್ರ ಸಿಕ್ಕಿಬೀಳುತ್ತದೆ, ತುಸು ಕಡಿಮೆಯಾದರೆ ತಿರುವೇ ತಪ್ಪುತ್ತದೆ. ಪ್ರತಿ ಸುತ್ತಿನಲ್ಲೂ ಇದನ್ನು ಒಂದೇ ತೆರನಾಗಿ ಮಾಡುವವನೇ ವೇಗದ ಚಾಲಕ.

ಅಗ್ಗದ ಪೆಡಲುಗಳ ತೊಂದರೆ ಇಲ್ಲಿ ಕಾಣುತ್ತದೆ. ಅವು ಅಳೆಯುವುದು ಪೆಡಲ್ ಎಷ್ಟು ದೂರ ಇಳಿಯಿತು ಎಂಬುದನ್ನು. ಒಳಗಿರುವುದು ಪೊಟೆನ್ಷಿಯೊಮೀಟರ್, ಅಂದರೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಕೆಳಗಿರುವ ಅದೇ ಭಾಗ. ಆದರೆ ನಿಜವಾದ ರೇಸ್ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ, ಹೆಚ್ಚೇನೂ ಇಳಿಯುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಕಾಲು ಹಾಕಿದ ಒತ್ತಡ. ಮನುಷ್ಯನ ಕಾಲಿಗೆ 'ಇಷ್ಟು ಒತ್ತಬೇಕು' ಎಂಬುದು ನೆನಪಿರುವಷ್ಟು ಚೆನ್ನಾಗಿ 'ಇಷ್ಟು ಸೆಂಟಿಮೀಟರ್ ಇಳಿಸಬೇಕು' ಎಂಬುದು ನೆನಪಿರುವುದಿಲ್ಲ. ಮೆತ್ತನೆಯ ಸ್ಪ್ರಿಂಗ್ ಮೇಲೆ ಕಾಲಿಟ್ಟು ಅರ್ಧಕ್ಕೆ ಸರಿಯಾಗಿ ನಿಲ್ಲಿಸುವುದು, ಅದನ್ನೇ ನೂರು ಬಾರಿ ಮಾಡುವುದು ಕಷ್ಟದ ಕೆಲಸ.

ಒತ್ತಡವನ್ನು ಅಳೆಯುವ ಸಾಧನಕ್ಕೆ 'ಲೋಡ್ ಸೆಲ್' ಎಂದು ಹೆಸರು. ಹೆಸರು ಹೊಸದೆನಿಸಿದರೂ ವಸ್ತು ಎಲ್ಲರೂ ಕಂಡದ್ದೇ; ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಟೊಮೆಟೊ ತೂಗುವುದು ಇದೇ ಲೋಡ್ ಸೆಲ್. ಥ್ರಸ್ಟ್‌ಮಾಸ್ಟರ್ 2020ರಲ್ಲಿ ತಂದ ಟಿ-ಎಲ್‌ಸಿಎಂ ಪೆಡಲುಗಳು ನೂರು ಕಿಲೋವರೆಗಿನ ಒತ್ತಡವನ್ನು ಅಳೆಯುತ್ತವೆ. ನೆದರ್‌ಲೆಂಡ್ಸ್‌ನ ಹ್ಯೂಸಿಂಕ್‌ವೆಲ್ಡ್ ಕಂಪನಿಯ ದುಬಾರಿ ಪೆಡಲುಗಳು ಇದನ್ನೂ ಮೀರುತ್ತವೆ. ನಮ್ಮಲ್ಲಿ ಆರಂಭಿಕ ಹಂತದ ಲೋಡ್ ಸೆಲ್ ಪೆಡಲುಗಳಿಗೆ ಅಂದಾಜು ಇಪ್ಪತ್ತರಿಂದ ಮೂವತ್ತು ಸಾವಿರ ರೂಪಾಯಿ. ಇಡೀ ವ್ಯವಸ್ಥೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರತಿಫಲ ನೀಡುವ ವಸ್ತು ಇದು ಎಂದರೆ ಅತಿಶಯೋಕ್ತಿಯಲ್ಲ. ಎರಡು ಲಕ್ಷದ ಸ್ಟೀರಿಂಗಿನ ಕೆಳಗೆ ಮೆತ್ತನೆಯ ಸ್ಪ್ರಿಂಗ್ ಬ್ರೇಕ್ ಇಟ್ಟುಕೊಂಡವನಿಗಿಂತ, ಹಳೆಯ ಜಿ29 ಮತ್ತು ಒಳ್ಳೆಯ ಲೋಡ್ ಸೆಲ್ ಬ್ರೇಕ್ ಇಟ್ಟುಕೊಂಡವನು ಬುದ್ಧಿವಂತ.

ಅಂದಹಾಗೆ, ಅದನ್ನೂ ಕೊಳ್ಳಲಾಗದವರು ಕೈಕಟ್ಟಿ ಕೂರಬೇಕಿಲ್ಲ. ಬ್ರೇಕ್ ಪೆಡಲಿನ ಹಿಂದೆ ಅರ್ಧ ಕತ್ತರಿಸಿದ ಸ್ಕ್ವಾಷ್ ಚೆಂಡನ್ನು ಸಿಕ್ಕಿಸುವುದು ಹವ್ಯಾಸಿಗಳ ಹಳೆಯ ಉಪಾಯ. ಪೆಡಲ್ ಒಂದಿಷ್ಟು ಇಳಿದ ಮೇಲೆ ರಬ್ಬರ್ ಎದುರೊತ್ತುತ್ತದೆ, ಕಾಲಿಗೆ ಒತ್ತಡದ ಅಂದಾಜು ಸಿಗುತ್ತದೆ. ಲೋಡ್ ಸೆಲ್‌ಗೆ ಇದು ಸಮವಲ್ಲ, ಆದರೆ ಖರ್ಚು ನೂರಿನ್ನೂರು ರೂಪಾಯಿ.

ಉರುಳುವ ಕುರ್ಚಿ

ಲೋಡ್ ಸೆಲ್ ತಂದವರಿಗೆ ಮೊದಲ ದಿನವೇ ಇನ್ನೊಂದು ಸತ್ಯ ದರ್ಶನವಾಗುತ್ತದೆ. ನಲವತ್ತು-ಐವತ್ತು ಕಿಲೋ ಬಲದಿಂದ ಬ್ರೇಕ್ ಒತ್ತಿದ ಕೂಡಲೇ ಚಕ್ರದ ಆಫೀಸ್ ಕುರ್ಚಿ ಹಿಂದಕ್ಕೆ ಜರ್ರೆಂದು ಸರಿಯುತ್ತದೆ, ಪೆಡಲ್ ಗೋಡೆಯ ಕಡೆಗೆ ಓಡುತ್ತದೆ. ಊಟದ ಮೇಜಿಗೆ ಬಿಗಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಮೇಜನ್ನೇ ಅಲುಗಾಡಿಸುತ್ತದೆ. ಮೋಟಾರಿನ ಸೂಕ್ಷ್ಮತೆಗೆ ಕೊಟ್ಟ ಹಣವೆಲ್ಲ ಮೇಜಿನ ಕಾಲುಗಳ ಓಲಾಟದಲ್ಲಿ ಕರಗಿಹೋಗುತ್ತದೆ.

ಹೀಗಾಗಿ ಆಸನವೂ ಚೌಕಟ್ಟೂ ಅಲಂಕಾರದ ವಸ್ತುಗಳಲ್ಲ. ದುಬಾರಿ ವ್ಯವಸ್ಥೆಗಳಲ್ಲಿ ಕಾರ್ಖಾನೆಗಳು ಬಳಸುವ ಅಲ್ಯುಮಿನಿಯಂ ಪ್ರೊಫೈಲ್ ಪಟ್ಟಿಗಳನ್ನು ಬೋಲ್ಟ್ ಹಾಕಿ ಜೋಡಿಸಿ ಚೌಕಟ್ಟು ಮಾಡುತ್ತಾರೆ. 40 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಎತ್ತರದ ಪಟ್ಟಿ ಸಾಮಾನ್ಯ. ಪೆಡಲನ್ನು ಮುಂದೆ ಹಿಂದೆ ಸರಿಸಬಹುದು, ಮುಂದೆ ಹೊಸ ಭಾಗ ಸೇರಿಸಬಹುದು. ಒಮ್ಮೆ ಮಾಡಿದ ಖರ್ಚು ವರ್ಷಾನುಗಟ್ಟಲೆ ಉಳಿಯುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದಕ್ಕೆ ಜಾಗವೇ ಇಲ್ಲ ಎನ್ನುವವರಿಗೆ ಮಡಚಿ ಮಂಚದ ಪಕ್ಕಕ್ಕೆ ಇಡಬಹುದಾದ ಆಸನಗಳು ಸಿಗುತ್ತವೆ. ಇದ್ಯಾವುದೂ ಬೇಡವೆಂದರೆ ಕುರ್ಚಿಯ ಚಕ್ರಗಳನ್ನು ಹಳೆಯ ಬೂಟುಗಳೊಳಗೆ ಇಳಿಸಬಹುದು, ಇಲ್ಲವೇ ಪೆಡಲನ್ನೂ ಕುರ್ಚಿಯ ಬುಡವನ್ನೂ ಗಟ್ಟಿ ಪಟ್ಟಿಯಿಂದ ಕಟ್ಟಬಹುದು. ನೋಡಲು ನಗು ಬಂದರೂ ಕೆಲಸ ನಡೆಯುತ್ತದೆ.

ಕಣ್ಣಿಗೆ ಎಷ್ಟು ಕಾಣಬೇಕು?

ಇನ್ನು ಪರದೆಯ ವಿಚಾರ. ಇಲ್ಲಿ ಹಣಕ್ಕಿಂತ ಮೊದಲು ಲೆಕ್ಕ ಬೇಕು.

ಪರದೆ ಒಂದು ಕಿಟಕಿ ಎಂದುಕೊಳ್ಳಿ. ಕಿಟಕಿಯಿಂದ ದೂರ ಕುಳಿತರೆ ಹೊರಗಿನದು ಕಡಿಮೆ ಕಾಣುತ್ತದೆ, ಹತ್ತಿರ ಕುಳಿತರೆ ಹೆಚ್ಚು. 27 ಇಂಚಿನ ಮಾನಿಟರಿನ ಅಗಲ ಸುಮಾರು 60 ಸೆಂಟಿಮೀಟರ್. ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿಟ್ಟರೆ ಅದು ನಮ್ಮ ನೋಟದಲ್ಲಿ ಆವರಿಸುವುದು 46 ಡಿಗ್ರಿಯಷ್ಟು ಮಾತ್ರ. 50 ಸೆಂಟಿಮೀಟರಿಗೆ ತಂದರೆ 62 ಡಿಗ್ರಿ. ತಂತ್ರಾಂಶದಲ್ಲಿಯೂ ಅದೇ ಕೋನವನ್ನು ನಮೂದಿಸಿದರೆ ರಸ್ತೆ, ತಿರುವು, ಮುಂದಿನ ಕಾರು ಎಲ್ಲವೂ ನಿಜ ಗಾತ್ರದಲ್ಲಿ ಕಾಣುತ್ತವೆ. ಅನೇಕ ಆಟಗಳು ಮೊದಲೇ ಹೊಂದಿಸಿಕೊಂಡು ಬರುವ ಕೋನ ಇದಕ್ಕಿಂತ ಅಗಲವಾಗಿರುತ್ತದೆ. ಆಗ ವೇಗ ಹೆಚ್ಚಿದಂತೆ ಭ್ರಮೆಯಾಗುತ್ತದೆ, ತಿರುವು ಇರುವುದಕ್ಕಿಂತ ದೂರವಿದ್ದಂತೆ ತೋರುತ್ತದೆ, ಬ್ರೇಕ್ ಹಾಕುವ ಜಾಗ ತಪ್ಪುತ್ತದೆ. ಸರಿಯಾದ ಕೋನ ಇಟ್ಟ ಮೊದಲ ದಿನ ಎಲ್ಲವೂ ನಿಧಾನ, ಇಕ್ಕಟ್ಟು ಎನಿಸುವುದುಂಟು. ಒಂದು ವಾರ ಸಹಿಸಿಕೊಂಡವರು ಹಿಂದಕ್ಕೆ ಹೋಗುವುದು ಕಡಿಮೆ. ಇದಕ್ಕೆ ಬೇಕಾದ ಬಂಡವಾಳ ಒಂದು ಅಳತೆ ಪಟ್ಟಿ.

ಅದೇ ಅಳತೆಯ ಮೂರು ಮಾನಿಟರುಗಳನ್ನು 60 ಸೆಂಟಿಮೀಟರ್ ದೂರದಲ್ಲಿ, ಪಕ್ಕದ ಎರಡನ್ನು ಒಳಕ್ಕೆ ವಾಲಿಸಿ ಇಟ್ಟರೆ ನೋಟ ಸುಮಾರು 160 ಡಿಗ್ರಿಗೆ ಹಿಗ್ಗುತ್ತದೆ. ಪಕ್ಕಕ್ಕೆ ಬಂದ ಕಾರು ಕಣ್ಣಂಚಿಗೆ ಬೀಳುತ್ತದೆ. ಇದರ ಬೆಲೆ ಮಾನಿಟರಿಗೆ ಮುಗಿಯುವುದಿಲ್ಲ. ಫುಲ್ ಎಚ್‌ಡಿ ಮಾನಿಟರ್ ಒಂದರಲ್ಲಿ ಸುಮಾರು 20 ಲಕ್ಷ ಬಿಂದುಗಳಿದ್ದರೆ, 1440 ಸಾಲಿನ ಮೂರು ಮಾನಿಟರುಗಳಲ್ಲಿ 1.1 ಕೋಟಿ. ಐದು ಪಟ್ಟಿಗೂ ಮಿಕ್ಕ ಈ ಕೆಲಸ ಮಾಡಲು ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಅಗ್ಗದ ವ್ಯವಸ್ಥೆಯ ಪೂರ್ತಿ ಬೆಲೆ ತೆರಬೇಕಾಗುತ್ತದೆ.

ತಲೆಗೆ ಕಟ್ಟಿಕೊಳ್ಳುವ ವಿಆರ್ ಸಾಧನ ಇನ್ನೊಂದು ಮಾರ್ಗ. ಆಳದ ಅರಿವು ಕೊಡುವುದರಲ್ಲಿ ಮಾನಿಟರುಗಳು ಇದಕ್ಕೆ ಸಾಟಿಯಲ್ಲ, ಜಾಗವೂ ಬೇಡ. ಆದರೆ ಬೇಸಿಗೆಯಲ್ಲಿ ಮುಖದ ಮೇಲೆ ಬೆವರಿಳಿಸಿಕೊಂಡು ಒಂದು ಗಂಟೆ ಓಡಿಸುವುದು ಎಲ್ಲರಿಗೂ ಆಗದು. ಕೆಲವರಿಗೆ ವಾಕರಿಕೆಯೂ ಬರುತ್ತದೆ. ಕೊಳ್ಳುವ ಮೊದಲು ಯಾರಾದರೂ ಪರಿಚಿತರ ಬಳಿ ಇದ್ದರೆ ಹಾಕಿಕೊಂಡು ನೋಡುವುದು ಒಳಿತು.

ಅಲುಗಾಡುವ ಆಸನ

ಲಕ್ಷಗಳ ಲೆಕ್ಕ ಏರುವುದು ಚಲಿಸುವ ಆಸನಗಳಿಂದ. ಚೌಕಟ್ಟಿನ ನಾಲ್ಕು ಮೂಲೆಗೆ ವಿದ್ಯುತ್ ಜ್ಯಾಕುಗಳನ್ನಿಟ್ಟು, ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ವಾಲಿಸುವ ವ್ಯವಸ್ಥೆ ಇದು. ಕೆನಡಾದ ಡಿ-ಬಾಕ್ಸ್ ಈ ಕ್ಷೇತ್ರದ ಹಳೆಯ ಹೆಸರು. ಅನುಭವ ರೋಮಾಂಚಕಾರಿ, ಸಂಶಯವಿಲ್ಲ. ಆದರೆ ನಿಜವಾದ ಕಾರಿನ ತಿರುವಿನಲ್ಲಿ ಕ್ಷಣಗಟ್ಟಲೆ ಕುತ್ತಿಗೆಯನ್ನು ಎಳೆಯುವ ಬಲವನ್ನು ಮನೆಯ ಯಾವ ಆಸನವೂ ಸೃಷ್ಟಿಸಲಾರದು. ಅದು ಆ ಬಲದ ಆರಂಭವನ್ನು ಸೂಚಿಸಬಲ್ಲದು, ಅಷ್ಟೇ. ಆಸನದ ಕೆಳಗೆ ಬಿಗಿಯುವ 'ಬಾಸ್ ಶೇಕರ್' ಎಂಬ ಕಂಪಕಗಳು ಇದರ ಬೆಲೆಯ ಸಣ್ಣ ಪಾಲಿಗೆ ಎಂಜಿನ್ ನಡುಕ, ಚಕ್ರ ಸಿಕ್ಕಿಬಿದ್ದ ಸೂಚನೆಗಳನ್ನು ಬೆನ್ನಿಗೆ ತಲುಪಿಸುತ್ತವೆ. ಕೆಳಮನೆಯವರು ಮಹಡಿ ಹತ್ತಿ ಬಂದು ಬಾಗಿಲು ಬಡಿಯುವ ಸಂಭವ ಮಾತ್ರ ಎರಡರಲ್ಲೂ ಇದೆ.

ಸಿಮ್‌ಕ್ಯೂಬ್‌ನಂಥ ಸ್ಟೀರಿಂಗ್, ಹ್ಯೂಸಿಂಕ್‌ವೆಲ್ಡ್ ಪೆಡಲ್, ಮೂರು ಮಾನಿಟರ್, ಅದಕ್ಕೆ ತಕ್ಕ ಕಂಪ್ಯೂಟರ್, ಚಲಿಸುವ ಆಸನ ಎಲ್ಲ ಸೇರಿದರೆ, ಆಮದು ಸುಂಕ ಮತ್ತು ಸಾಗಣೆಯೊಂದಿಗೆ, ನಮ್ಮಲ್ಲಿ ಹತ್ತು ಲಕ್ಷ ದಾಟುವುದು ಸುಲಭ. ಇದರಿಂದ ಸಿಗುವುದು ಬಾಳಿಕೆ, ಆರಾಮ, ಗಂಟೆಗಟ್ಟಲೆಯ ರೇಸಿನಲ್ಲೂ ಕೆಡದ ನಿಖರತೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಸಂತೋಷ. ಸಂತೋಷಕ್ಕೆ ಖರ್ಚು ಮಾಡುವುದು ತಪ್ಪಲ್ಲ. ವೇಗ ಸಿಗುತ್ತದೆಂದು ನಂಬಿ ಸಾಲ ಮಾಡುವುದು ಬೇರೆ ಮಾತು.

ಎಷ್ಟು ಸುರಿದರೂ ಕೈಗೆ ಸಿಗದ ಒಂದು ವಸ್ತುವೂ ಇದೆ: ಸಂಪರ್ಕ. 2023ರ ಜನವರಿಯಲ್ಲಿ ಲೆ ಮಾನ್ 24 ಗಂಟೆಗಳ ವರ್ಚುವಲ್ ಸ್ಪರ್ಧೆಯಲ್ಲಿ ಮುಂಚೂಣಿಯಲ್ಲಿದ್ದ ವಿಶ್ವ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್ ಸರ್ವರ್ ಸಂಪರ್ಕ ತಪ್ಪಿ ಹಿಂದೆ ಬಿದ್ದು, ಸಿಟ್ಟಿನಿಂದ ಸ್ಪರ್ಧೆಯನ್ನೇ ಬಿಟ್ಟೆದ್ದರು. ಅಲ್ಲಿ ತೊಂದರೆ ಇದ್ದದ್ದು ಆಯೋಜಕರ ಕಡೆ. ನಮ್ಮಲ್ಲಿ ಅದರ ಜೊತೆಗೆ ವಿದ್ಯುತ್ತಿನದೂ ಒಂದು ಕಥೆ. ವೈಫೈ ಬಿಟ್ಟು ತಂತಿ ಎಳೆದುಕೊಳ್ಳುವುದು, ಮನೆಯ ಇನ್ವರ್ಟರನ್ನು 'ಯುಪಿಎಸ್' ಸ್ಥಿತಿಗೆ ಬದಲಾಯಿಸುವುದು ಅಥವಾ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಇಡುವುದು ಬೋರಿಂಗ್ ಖರ್ಚುಗಳಾದರೂ ಅವಶ್ಯ. ಕರೆಂಟು ಹೋಗಿ ಬಂದಾಗ ಜಿ29ರಂಥ ಸ್ಟೀರಿಂಗುಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳಲು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗುತ್ತವೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಇರಲಿ.

ಮಕ್ಕಳು ಕೇಳಿದಾಗ

ಹಣದ ಪ್ರಶ್ನೆ ಗಂಭೀರವಾಗುವುದು ಮನೆಯ ಮಗನೋ ಮಗಳೋ 'ರೇಸ್ ಚಾಲಕರಾಗಬೇಕು' ಎಂದು ಹಟ ಹಿಡಿದಾಗ. ಕರ್ನಾಟಕದಲ್ಲಿ ಕಾರ್ಟಿಂಗ್ ಟ್ರ್ಯಾಕುಗಳಿವೆ. ಪೂರ್ಣ ಪ್ರಮಾಣದ ಕಾರ್ ರೇಸಿಗೆ ಹತ್ತಿರದವು ತಮಿಳುನಾಡಿನಲ್ಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರು ಬಳಿಯ ಕರಿ ಟ್ರ್ಯಾಕುಗಳು. ಬೆಂಗಳೂರಿನ ಸಹೋದರರಾದ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಯುರೋಪಿನ ರೇಸಿಂಗ್‌ಗೆ ತಲುಪಿದ್ದು ಚಿಕ್ಕಂದಿನ ಕಾರ್ಟಿಂಗ್ ದಾರಿಯಿಂದ. ಕುಶ್ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನೂ ಗೆದ್ದರು. ಆ ದಾರಿ ಎಷ್ಟು ದುಬಾರಿ ಎಂಬುದು ಆ ಕ್ಷೇತ್ರ ಬಲ್ಲವರಿಗೆ ಹೇಳಬೇಕಾದ್ದಿಲ್ಲ.

ಸಿಮ್ ರೇಸಿಂಗ್ ಪರ್ಯಾಯ ದಾರಿಯಾದ ಉದಾಹರಣೆಗಳೂ ಇವೆ. ಸೋನಿ ಮತ್ತು ನಿಸಾನ್ 2008ರಲ್ಲಿ ಆರಂಭಿಸಿದ 'ಜಿಟಿ ಅಕಾಡೆಮಿ' ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ, ಎರಡೇ ವರ್ಷಗಳಲ್ಲಿ ಲೆ ಮಾನ್‌ನ ನಿಜವಾದ 24 ಗಂಟೆಗಳ ರೇಸಿನಲ್ಲಿ ತಮ್ಮ ವಿಭಾಗದಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದರು. ಅವರ ಕಥೆ 2023ರಲ್ಲಿ ಹಾಲಿವುಡ್ ಚಿತ್ರವಾಯಿತು. ಇತ್ತ ನಾಸ್ಕಾರ್‌ನ ವಿಲಿಯಂ ಬೈರನ್ ಬಾಲ್ಯದಲ್ಲಿ ರೇಸಿಂಗ್ ಕಲಿತದ್ದೇ ಮನೆಯ ಕಂಪ್ಯೂಟರಿನಲ್ಲಿ, ಐರೇಸಿಂಗ್ ಮೇಲೆ. 2024 ಮತ್ತು 2025ರಲ್ಲಿ ಸತತವಾಗಿ ಡೇಟೋನಾ 500 ಗೆದ್ದವರು ಇವರೇ.

ಇವರಿಬ್ಬರಿಗೂ ಮನೆಯ ಸ್ಟೀರಿಂಗ್ ಬಾಗಿಲು ತೆರೆಯಿತು, ಒಳಗೆ ಕೂರಿಸಿದ್ದು ನಿಜವಾದ ಕಾರಿನ ವರ್ಷಗಳ ತರಬೇತಿ. ಟ್ರ್ಯಾಕಿನ ಪರಿಚಯ, ಬ್ರೇಕಿನ ಲಯ, ಮುಂದಿನವನನ್ನು ಹಿಂದಿಕ್ಕುವ ಲೆಕ್ಕಾಚಾರ ಇವನ್ನೆಲ್ಲ ಸಿಮ್ ಕಲಿಸುತ್ತದೆ. ಭಯ, ಸೆಖೆ, ದೇಹದ ಮೇಲೆ ಬೀಳುವ ಬಲ ಇವನ್ನು ಕಲಿಸುವುದಿಲ್ಲ. ಆದ್ದರಿಂದ ಕೈಯಲ್ಲಿ ಮೂರು ಲಕ್ಷ ಇರುವ ಪೋಷಕರು ಅಷ್ಟನ್ನೂ ಮನೆಯ ರಿಗ್ಗಿಗೆ ಸುರಿಯುವುದಕ್ಕಿಂತ ಒಂದು ಲಕ್ಷದೊಳಗೆ ವ್ಯವಸ್ಥೆ ಮಾಡಿ, ಉಳಿದದ್ದನ್ನು ಕಾರ್ಟಿಂಗ್‌ಗೆ ಮೀಸಲಿಡುವುದೇ ಸರಿ. ಮನೆಯಲ್ಲಿ ತಕ್ಕ ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್ ಆಗಲೇ ಇದ್ದರೆ ಈ ಮೊತ್ತ ಸಾಕು.

ಏನನ್ನು ಮೊದಲು ಕೊಳ್ಳಬೇಕು?

ಮೊದಲ ಆರು ತಿಂಗಳಿಗೆ ಜಿ29, ಜಿ923ರಂಥ ಸ್ಟೀರಿಂಗ್ ಧಾರಾಳ ಸಾಕು. ಇಪ್ಪತ್ತೈದರಿಂದ ನಲವತ್ತು ಸಾವಿರದ ಆಸುಪಾಸಿನಲ್ಲಿ ಪೆಡಲ್ ಸಮೇತ ಸಿಗುತ್ತವೆ. ಯಾವ ಸ್ಟೀರಿಂಗ್ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಬೇಕು: ಜಿ29 ಪ್ಲೇಸ್ಟೇಷನ್ ಮತ್ತು ಕಂಪ್ಯೂಟರಿಗೆ, ಅದರ ಅವಳಿಯಂತಿರುವ ಜಿ920 ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರಿಗೆ. ಆಸಕ್ತಿ ಉಳಿದರೆ ನಂತರ ಗಟ್ಟಿ ಆಸನ, ಅದರ ಬೆನ್ನಿಗೆ ಲೋಡ್ ಸೆಲ್ ಬ್ರೇಕ್. ಡೈರೆಕ್ಟ್ ಡ್ರೈವ್ ಸ್ಟೀರಿಂಗಿನ ಸರದಿ ಬರುವುದು ಆಮೇಲೆ. 5ರಿಂದ 8 ನ್ಯೂಟನ್ ಮೀಟರಿನದು ಮನೆಗೆ ಬೇಕಾದಷ್ಟಾಯಿತು. ಅಲ್ಲಿಂದ ಮೇಲೆ ಬೆಲೆ ಏರಿದ ವೇಗದಲ್ಲಿ ಅನುಕೂಲ ಏರುವುದಿಲ್ಲ. ವಿದೇಶದಿಂದ ನೇರವಾಗಿ ತರಿಸುವವರು ಸುಂಕದ ಜೊತೆಗೆ ವಾರಂಟಿಯ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹತ್ತು-ಹನ್ನೆರಡು ಕಿಲೋ ತೂಕದ ಮೋಟಾರನ್ನು ದುರಸ್ತಿಗೆಂದು ಯುರೋಪಿಗೆ ಮರಳಿ ಕಳುಹಿಸುವ ಖರ್ಚು ಯಾರದು ಎಂಬುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಬಳಸಿದ ವಸ್ತು ಕೊಳ್ಳುವುದಕ್ಕೂ ಸಂಕೋಚ ಬೇಡ. ಉತ್ಸಾಹದಿಂದ ತಂದು, ನಾಲ್ಕು ತಿಂಗಳಿಗೆ ಬೇಸತ್ತು ಮಾರುವವರು ಪ್ರತಿ ಊರಿನಲ್ಲೂ ಇದ್ದಾರೆ. ನೋಡಲು ಹೋದಾಗ ಸ್ಟೀರಿಂಗನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ, ಕಂಟ್ರೋಲ್ ಪ್ಯಾನೆಲಿನಲ್ಲಿ ಗೇಮ್ ಕಂಟ್ರೋಲರ್ ಪರದೆಯನ್ನು ತೆರೆಯಬೇಕು. ಮೂರೂ ಪೆಡಲುಗಳನ್ನು ಒಂದೊಂದಾಗಿ ನಿಧಾನಕ್ಕೆ ಒತ್ತಿ ಬಿಡಬೇಕು. ಪರದೆಯ ಮೇಲಿನ ಪಟ್ಟಿ ಕಾಲಿನೊಂದಿಗೇ ನಯವಾಗಿ ಏರಿ ಇಳಿದರೆ ಸರಿ. ನಡುನಡುವೆ ಚಿಮ್ಮಿದರೆ, ಕಾಲು ತೆಗೆದ ಮೇಲೂ ಪೂರ್ತಿ ಇಳಿಯದಿದ್ದರೆ, ಪೊಟೆನ್ಷಿಯೊಮೀಟರ್ ಸವೆದಿದೆ ಅಥವಾ ಅದರೊಳಗೆ ಧೂಳು ಸೇರಿದೆ ಎಂದರ್ಥ. ಸ್ವಚ್ಛ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಬೆಲೆ ಇಳಿಸಲು ಕೇಳುವುದಕ್ಕಂತೂ ಅಷ್ಟು ಸಾಕು.